ತಂತಿ ನೆಟ್ಟಗಿದೆ, ಗಾಳಿಯೇ ಕೆಟ್ಟಿದೆ! ಮೂರು ಪೇಟೆಗಳ ವೈಫೈ ಗೋಳು

ಸಿಂಧನೂರು: ನಾಟಿ ಮುಗಿದು ಯೂರಿಯಾಕ್ಕೆ ರೈತರು ಮುಗಿಬೀಳುವ ಹೊತ್ತು. ಗೊಬ್ಬರದ ಅಂಗಡಿ ಮುಂದೆ ಉದ್ದನೆಯ ಸಾಲು. ಆದರೆ ಹೆಬ್ಬೆಟ್ಟು ಒತ್ತುವ ಯಂತ್ರದ ಮೇಲೆ ಚಕ್ರ ತಿರುಗುತ್ತಿದೆಯೇ ಹೊರತು ಚೀಟಿ ಬರುತ್ತಿಲ್ಲ. "ಸಾವ್ಕಾರ್ರೆ, ಇನ್ನೂ ಎಷ್ಟು ಸಲ ಒತ್ಲಿ? ನಮ್ಮೂರ ಬಸ್ಸು ಹೋಗ್ತದ್ರೀ" ಎಂದು ರೈತ ಗೋಗರೆಯುತ್ತಾನೆ. "ನೆಟ್ ಬರವಲ್ದು ಕಾಕಾ, ಕಂಪ್ನಿಯವ್ರಿಗೆ ಫೋನ್ ಮಾಡೀನಿ, ತಡೀ" ಎಂದು ಸಾವುಕಾರರು ಕೈ ಚೆಲ್ಲುತ್ತಾರೆ.

ಈ ನೋಟ ಸಿಂಧನೂರಿಗೆ ಮಾತ್ರ ಸೀಮಿತವಲ್ಲ. ಅದೇ ರಸ್ತೆ ಹಿಡಿದು ಮಸ್ಕಿಗೆ ಹೋದರೂ, ಮುಂದೆ ಲಿಂಗಸುಗೂರಿಗೆ ಹೋದರೂ ವರ್ತಕರ ಅಳಲು ಒಂದೇ. ದುಡ್ಡು ಕಟ್ಟಿ ಫೈಬರ್ ತಂತಿ ಎಳೆಸಿಕೊಂಡಿದ್ದೂ ಆಯಿತು, ಡಬ್ಬಿ ಕೂರಿಸಿದ್ದೂ ಆಯಿತು, ವ್ಯಾಪಾರದ ಹೊತ್ತಿಗೇ ವೈಫೈ ಕೈಕೊಡುವುದೇಕೆ?

ವೈಫೈ ಹೋದರೆ ಹೋಗಲಿ ಬಿಡಿ ಎನ್ನುವ ಕಾಲ ಮುಗಿಯಿತು. 2018ರಿಂದ ದೇಶದೆಲ್ಲೆಡೆ ಸಬ್ಸಿಡಿ ಗೊಬ್ಬರದ ಮಾರಾಟ ಯಂತ್ರದಲ್ಲೇ ದಾಖಲಾಗಬೇಕು. ಹಾಗೆ ದಾಖಲಾದ ಲೆಕ್ಕದ ಮೇಲೆಯೇ ಕಂಪನಿಗಳಿಗೆ ಸಬ್ಸಿಡಿ ಹಣ. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಾಟಕ್ಕೂ ಇ-ವೇ ಬಿಲ್ ಬಂತು. ಸಿಮೆಂಟು, ಕಬ್ಬಿಣ ತುಂಬಿದ ಲಾರಿ ಆ ಬಿಲ್ಲಿಲ್ಲದೆ ಅಂಗಡಿ ಬಿಟ್ಟು ಕದಲುವಂತಿಲ್ಲ. ಲಿಂಗಸುಗೂರಿನಲ್ಲಿ ಕಚೇರಿ ಕೆಲಸಕ್ಕೆಂದು ಹಳ್ಳಿಯಿಂದ ಬಂದವನು ಪಹಣಿ ತೆಗೆಸಲು ಹೋದರೆ ಅಲ್ಲಿನ ಪ್ರಿಂಟರಿಗೂ ವೈಫೈ. ಗಿರಾಕಿಯ ಫೋನ್ ಪೇ ಅವನ ಸಿಮ್ಮಿನಿಂದಲೇ ನಡೆದೀತು, ನಿಜ. ಬಿಲ್ಲು, ದಾಸ್ತಾನು, ಕ್ಯಾಮರಾ ಎಲ್ಲಕ್ಕೂ ಅಂಗಡಿಯ ಡಬ್ಬಿಯೇ ಗತಿ.

ಬೈಗುಳ ಯಾರಿಗೆ, ತಪ್ಪು ಯಾರದು?

ನೆಟ್ ಹೋದ ತಕ್ಷಣ ಕಂಪನಿಯನ್ನು ಬೈಯುವುದು ರೂಢಿ. ಕಂಪನಿಯವರು ಪಾಪದವರೇನಲ್ಲ. ಚರಂಡಿಗೆ, ರಸ್ತೆಗೆ ಜೆಸಿಬಿ ಇಳಿದ ದಿನ ಫೈಬರ್ ಕತ್ತರಿಸಿ ಇಡೀ ಓಣಿಯೇ ಕತ್ತಲಾಗುವುದುಂಟು. ಆದರೆ ಪ್ರತಿ ಸಲವೂ ಅದೇ ಕಾರಣವೆಂದು ನಂಬಿ ಕುಳಿತರೆ ನಷ್ಟ ಅಂಗಡಿಯವರಿಗೇ. ರೋಗ ಬಹಳ ಸಲ ಇರುವುದು ಹೊರಗಿನ ತಂತಿಯಲ್ಲಲ್ಲ, ಅಂಗಡಿಯೊಳಗಿನ ಗಾಳಿಯಲ್ಲಿ.

ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ಮೊದಲು ಡಬ್ಬಿಯ ದೀಪ ನೋಡಿ. ಫೈಬರ್ ಡಬ್ಬಿಗಳಲ್ಲಿ 'ಲಾಸ್' ಎಂಬ ದೀಪ ಕೆಂಪಗೆ ಉರಿದರೆ ಬೆಳಕು ಒಳಗೆ ಬರುತ್ತಿಲ್ಲವೆಂದೇ ಅರ್ಥ. ತಂತಿ ತುಂಡಾಗಿದೆ ಇಲ್ಲವೇ ಮಡಿಸಿಕೊಂಡಿದೆ. ಆಗ ಕಂಪನಿಗೆ ದೂರು ಕೊಟ್ಟು ನಂಬರು ಬರೆದಿಟ್ಟುಕೊಳ್ಳಿ.

ಕೆಂಪು ದೀಪ ಇಲ್ಲದಿದ್ದರೆ ಎರಡನೆಯ ಪರೀಕ್ಷೆ. ಒಂದು ಮೊಳದ ಕೇಬಲ್ ತಂದು ಡಬ್ಬಿಯಿಂದ ನೇರ ಕಂಪ್ಯೂಟರಿಗೆ ಸಿಕ್ಕಿಸಿ. ಕೇಬಲಿನಲ್ಲಿ ನೆಟ್ ಸರಾಗ ಬಂದು, ವೈಫೈನಲ್ಲಿ ಮಾತ್ರ ಒದ್ದಾಡಿದರೆ ತಂತಿ ನಿರಪರಾಧಿ. ಕೇಬಲಿನಲ್ಲೂ ಬರದಿದ್ದರೆ ಕಂಪನಿಯವರನ್ನು ಬಿಡಬೇಡಿ. ಇನ್ನು ಎಲ್ಲರ ಫೋನಿನಲ್ಲೂ ಬಂದು ಒಂದೇ ಯಂತ್ರದಲ್ಲಿ ಬರದಿದ್ದರೆ ದೋಷ ಆ ಯಂತ್ರದ್ದೇ. ಹಳೇ ಪಾಸ್‌ವರ್ಡ್ ಅದರಲ್ಲಿ ಉಳಿದಿರಬಹುದು.

ಡಬ್ಬಿಗೆ ಸೆರೆವಾಸ

ಗಾಳಿಯ ದೋಷವೆಂದು ಗೊತ್ತಾದ ಮೇಲೆ ಡಬ್ಬಿ ಎಲ್ಲಿದೆ ಎಂದು ನೋಡಬೇಕು. ಧೂಳು ಬೀಳದಿರಲೆಂದು ಕಬ್ಬಿಣದ ಕಪಾಟಿನಲ್ಲಿ ಇಟ್ಟವರಿದ್ದಾರೆ. ಚೀಲಗಳ ಹಿಂದೆ, ಫ್ರಿಜ್ಜಿನ ಮೇಲೆ, ದೇವರ ಫೋಟೋ ಪಕ್ಕದ ಮೂಲೆಯಲ್ಲಿ ಇಟ್ಟವರಿದ್ದಾರೆ. ತಗಡು, ಉಕ್ಕಿನ ರ‍್ಯಾಕು ಅಲೆಯನ್ನು ತಿರುಗಿಸಿ ಕಳಿಸುತ್ತವೆ. ದಪ್ಪ ಕಲ್ಲಿನ ಗೋಡೆ ನುಂಗುತ್ತದೆ. ಅಂಗಡಿ ನಡುವೆ, ಆಳೆತ್ತರಕ್ಕಿಂತ ಮೇಲೆ, ಬಯಲಾಗಿ ಇಟ್ಟರೆ ಅರ್ಧ ಗೋಳು ಅಲ್ಲಿಗೇ ಮುಗಿದೀತು.

ಮಸ್ಕಿಯ ಬಂಡೆಯ ಮೇಲೆ ಅಶೋಕ ಕೆತ್ತಿಸಿದ ಮಾತು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಉಳಿದು, 1915ರಲ್ಲಿ ಬೆಳಕಿಗೆ ಬಂದು, ಅವನ ಹೆಸರನ್ನೇ ಲೋಕಕ್ಕೆ ಸಾರಿತು. ಅದೇ ಊರಿನಲ್ಲಿ ಇಂದು ಗಲ್ಲಾದಿಂದ ಗೋದಾಮಿಗೆ ಒಂದು ಬಿಲ್ಲು ತಲುಪುವುದಿಲ್ಲವೆಂದರೆ ಏನೆನ್ನೋಣ!

ಸೀಟಿಗೆ ಟವಲ್ ಹಾಕಿದವರು

"ವೈಫೈ ಹತ್ತೇದ, ಆದ್ರ ನೆಟ್ ಇಲ್ಲ" ಎಂಬುದು ಇನ್ನೊಂದು ಗೋಳು. ಇದು ಬಸ್ಸಿನ ಪ್ರಯಾಣಿಕರಿಗೆ ಬೇಗ ಅರ್ಥವಾದೀತು. ಡಬ್ಬಿ ತನ್ನನ್ನು ಹತ್ತಿದ ಪ್ರತಿ ಫೋನಿಗೂ ಒಂದು ಸೀಟ್ ನಂಬರ್ ಕೊಡುತ್ತದೆ. ಒಟ್ಟು ನಂಬರುಗಳು ಸಾಮಾನ್ಯವಾಗಿ 254ಕ್ಕಿಂತ ಮೇಲಿಲ್ಲ, ಎಷ್ಟೋ ಡಬ್ಬಿಗಳಲ್ಲಿ ಇನ್ನೂ ಕಡಿಮೆ. ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದ ಹೋಟೆಲಿನಲ್ಲಿ ಗಿರಾಕಿ ಚಹಾ ಕುಡಿದು ಎದ್ದು ಹೋದರೂ ಅವನ ನಂಬರು ಗಂಟೆಗಟ್ಟಲೆ, ಕೆಲವೆಡೆ ಇಡೀ ದಿನ, ಅವನ ಹೆಸರಲ್ಲೇ ಇರುತ್ತದೆ. ಸೀಟಿಗೆ ಟವಲ್ ಹಾಕಿ ಇಳಿದು ಹೋದವನ ಹಾಗೆ! ಸಂಜೆ ಹೊತ್ತಿಗೆ ಅಂಗಡಿಯ ಸ್ವಂತ ಬಿಲ್ಲಿಂಗ್ ಯಂತ್ರಕ್ಕೇ ಸೀಟಿಲ್ಲ. ಈ ಅವಧಿಯನ್ನು ಡಬ್ಬಿಯ ಸೆಟ್ಟಿಂಗಿನಲ್ಲಿ ಒಂದೆರಡು ಗಂಟೆಗೆ ಇಳಿಸಬಹುದು.

ಸಿಗ್ನಲ್ ಸಾಲದೆಂದು ಇನ್ನೊಂದು ಡಬ್ಬಿ ತಂದು ಹಾಕಿದವರ ಪಾಡು ಬೇರೆ. ಎರಡೂ ಡಬ್ಬಿಗಳು ಕಂಡಕ್ಟರಾಗಿ ಒಂದೇ ಸೀಟನ್ನು ಇಬ್ಬರಿಗೆ ಕೊಟ್ಟರೆ ಜಗಳವಾಗದೆ ಇನ್ನೇನು? ನಂಬರು ಕೊಡುವ ಕೆಲಸ ಒಂದಕ್ಕೇ ಇರಲಿ, ಎರಡನೆಯದು ಬರೀ ಸಾಗಿಸಲಿ.

ಹಾಗಾದರೆ "ಬಂದ್ ಮಾಡಿ ಚಾಲೂ ಮಾಡ್ರಿ" ಎಂಬ ಮನೆಮದ್ದು ಕೆಲಸ ಮಾಡುವುದೇಕೆ? ಹಾಗೆ ಮಾಡಿದಾಗ ಹಲವು ಡಬ್ಬಿಗಳು ಹಳೇ ಟವಲುಗಳನ್ನೆಲ್ಲ ಕಿತ್ತೆಸೆದು ಹೊಸದಾಗಿ ಶುರು ಮಾಡುತ್ತವೆ. ಮರುದಿನ ಮತ್ತೆ ಅದೇ ಕತೆ. ಮದ್ದು ಜ್ವರ ಇಳಿಸಿತೇ ಹೊರತು ರೋಗ ವಾಸಿ ಮಾಡಲಿಲ್ಲ.

ಎಡದಂಡೆಯ ಪಾಠ

ಇದೆಲ್ಲ ಅಂಗಡಿಯೊಳಗಿನ ಮಾತು. ಇನ್ನೊಂದು ರೋಗ ಓಣಿಯದು. ಸಾಮಾನ್ಯ ವೈಫೈ ನಡೆಯುವ 2.4 ಗಿಗಾಹರ್ಟ್ಸ್ ಅಲೆಯನ್ನು ಕೇಂದ್ರ ಸರ್ಕಾರ 2005ರಲ್ಲಿ ಲೈಸೆನ್ಸಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಯಾರ ಅಪ್ಪಣೆಯೂ ಬೇಡ. ಅಂದಮೇಲೆ ಯಾರ ಕಾವಲೂ ಇಲ್ಲ. ಅದರಲ್ಲಿ ಒಂದಕ್ಕೊಂದು ತಾಗದೆ ನಡೆಯುವ ದಾರಿಗಳು ಮೂರೇ ಮೂರು: 1, 6 ಮತ್ತು 11. ಒಂದೇ ದಾರಿಯಲ್ಲಿದ್ದವರು ಒಬ್ಬರು ಮಾತಾಡುವಾಗ ಇನ್ನೊಬ್ಬರು ಕಾಯಬೇಕು. ನಡುವೆ 3ನೇ ದಾರಿ ಹಿಡಿದವನು 1ನ್ನೂ ಕೆಡಿಸುತ್ತಾನೆ, 6ನ್ನೂ ಕೆಡಿಸುತ್ತಾನೆ. ಸಾಲು ಅಂಗಡಿಗಳಲ್ಲಿ ಪ್ರತಿಯೊಬ್ಬರದೂ ಒಂದೊಂದು ಡಬ್ಬಿ. ತನ್ನದು ನಡೆಯಲಿಲ್ಲವೆಂದು ಒಬ್ಬ ಶಕ್ತಿ ಏರಿಸಿದರೆ, ಪಕ್ಕದವನು ಇನ್ನೂ ದೊಡ್ಡ ಡಬ್ಬಿ ತರುತ್ತಾನೆ. ಗದ್ದಲ ಹೆಚ್ಚಿತೇ ವಿನಾ ಮಾತು ಕೇಳಲಿಲ್ಲ.

ಈ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ಮನಬಂದಂತೆ ನೀರೆತ್ತಿದರೆ ಕೆಳಭಾಗದ ಗದ್ದೆ ಬಿರುಕು ಬಿಡುತ್ತದೆ ಎಂಬುದನ್ನು ತಲೆಮಾರಿನಿಂದ ಕಂಡವರು ಇವರು. ಗಾಳಿಯೂ ಕಾಲುವೆಯೇ. ಪಾಳಿ ಇಲ್ಲದಿದ್ದರೆ ಎಲ್ಲರಿಗೂ ಕೊರತೆ.

ಪರಿಹಾರಕ್ಕೆ ಕಾಸು ಖರ್ಚಿಲ್ಲ. ಮೂರೂ ಊರಿನ ವರ್ತಕರು ಓಣಿ ಓಣಿಯಾಗಿ ಒಂದು ಸಂಜೆ ಕೂತು, ಮೊದಲ ಅಂಗಡಿಗೆ 1, ಎರಡನೆಯದಕ್ಕೆ 6, ಮೂರನೆಯದಕ್ಕೆ 11, ನಾಲ್ಕನೆಯದಕ್ಕೆ ಮತ್ತೆ 1 ಎಂದು ಹಂಚಿಕೊಂಡರಾಯಿತು. ದಾರಿಯ ಅಗಲ 20ಕ್ಕೇ ಇರಲಿ. ಎರಡೂ ಅಲೆಯ ಡಬ್ಬಿ ಇದ್ದವರು ಹತ್ತಿರದ ಯಂತ್ರಗಳನ್ನು 5 ಗಿಗಾಹರ್ಟ್ಸಿಗೆ ಹಾಕಲಿ. ಅದು ಗೋಡೆ ದಾಟಿ ಹೆಚ್ಚು ದೂರ ಹೋಗದು, ಆದ್ದರಿಂದಲೇ ಪಕ್ಕದವನಿಗೆ ಕಾಟ ಕಡಿಮೆ. ಕದಲದ ಬಿಲ್ಲಿಂಗ್ ಕಂಪ್ಯೂಟರಿಗೆ, ಕ್ಯಾಮರಾಕ್ಕೆ ಕೇಬಲೇ ಲೇಸು. ಕರೆಂಟು ಹೋದರೂ ಡಬ್ಬಿ ಉಳಿಯಲು ಚಿಕ್ಕದೊಂದು ಯುಪಿಎಸ್ ಇರಲಿ. ಗಿರಾಕಿಗೆ ಬೇರೆ 'ಗೆಸ್ಟ್' ಹೆಸರು, ಬೇರೆ ಪಾಸ್‌ವರ್ಡ್. ಲೆಕ್ಕಪತ್ರವಿರುವ ಕೋಣೆಯ ಕೀಲಿಯನ್ನು ದಾರಿಹೋಕರಿಗೆಲ್ಲ ಕೊಡುವವರುಂಟೇ?

ಕಾಲುವೆ ನೀರಿನ ನ್ಯಾಯಕ್ಕೆ ರೈತರು ಬೆಂಗಳೂರಿನ ತನಕ ಅಲೆಯಬೇಕು. ಈ ಗಾಳಿಯ ಪಾಳಿಗೆ ಪಕ್ಕದಂಗಡಿಯವನ ಜೊತೆ ಒಂದು ಮಾತು ಸಾಕು. ಆ ಮಾತು ನಡೆಯದಿದ್ದರೆ ಹೆಬ್ಬೆಟ್ಟು ಹಿಡಿದು ನಿಂತ ಕಾಕಾ ಕೊನೇ ಬಸ್ಸು ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲೇ ಮಲಗಬೇಕಾದೀತು!