ಜಡೆ ಹೆಣೆದ ಕೈಗೆ ಕರಾರು ಬೇಡವೇ?

ಮೇಲುಕೋಟೆಯಲ್ಲಿ ಸಿನಿಮಾ, ಗಗನಚುಕ್ಕಿಯಲ್ಲಿ ಮದುವೆ ಜೋಡಿಯ ಫೋಟೊಶೂಟ್. ಬೆಳಗಿನ ಬಿಸಿಲು ಹಿಡಿಯಬೇಕೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಹೇರ್‌ಸ್ಟೈಲಿಸ್ಟ್‌ಗಳು ಕತ್ತಲಲ್ಲೇ ಹೊರಡಬೇಕು. ಗಾಳಿಗೆ ಕೆದರಿದ ಕೂದಲನ್ನು ಹಿಂದಿನ ಶಾಟ್‌ನಲ್ಲಿದ್ದಂತೆಯೇ ಮತ್ತೆ ಕೂರಿಸುವುದು ಬಾಚಣಿಗೆ ಹಿಡಿದವರೆಲ್ಲ ಮಾಡುವ ಕೆಲಸವಲ್ಲ. ಆದರೂ ‘ಲೋಕಲ್ ಹುಡುಗೀರು ತಾನೆ, ಕೊಟ್ಟಷ್ಟು ಇಸ್ಕೊಳ್ಳಲಿ’ ಎನ್ನುವುದು ಯಾವ ನ್ಯಾಯ?

ಸಿನಿಮಾ ಕಾರ್ಮಿಕರಿಗೆ ಲಿಖಿತ ಒಪ್ಪಂದ ಇರಬೇಕೆಂದು 1981ರಲ್ಲೇ ಕೇಂದ್ರ ಕಾಯ್ದೆ ಹೇಳಿತು. ಹೆಂಗಸರು ಕೂದಲಷ್ಟೇ ಮುಟ್ಟಲಿ, ಮೇಕಪ್ ಗಂಡಸರಿಗಿರಲಿ ಎನ್ನುತ್ತಿದ್ದ ಮುಂಬೈ ಸಂಘದ ಕಟ್ಟಳೆ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಮೇಕಪ್ ಕಲಾವಿದೆ ಚಾರು ಖುರಾನಾ ಕೇಳಿದರು, ಗೆದ್ದರು.

ನಾವೂ ಕೇಳುತ್ತೇವೆ: ಮೊದಲೇ ಬರೆದುಕೊಟ್ಟ ದರ, ಹೋಗಿಬರುವ ಖರ್ಚು, ತೆರೆಯ ಮೇಲೆ ಹೆಸರು. ನಾಯಕಿಯ ಜಡೆ ಚೆಂದ ಎನ್ನುವ ಮೊದಲು ಹೆಣೆದವರ ಕೂಲಿ ಚುಕ್ತಾ ಮಾಡಿ.