ಬೆಟ್ಟ ಹತ್ತುವವರ ದುಡ್ಡು ಇಳಿಯುವುದೆಲ್ಲಿ?

ಮೂವತ್ತು ವರ್ಷಗಳ ಹಿಂದೆ ಚಾರಣ ಎಂಬುದು ಕಾಲೇಜಿನ ಕೆಲವು ಸಾಹಸಿ ಹುಡುಗರ ಹಾಗೂ ಪರಿಸರಾಸಕ್ತರ ಹವ್ಯಾಸವಾಗಿತ್ತು. ಇಂದು ಅದು ಬೆಂಗಳೂರಿನ ವಾರಾಂತ್ಯದ ಒಂದು ಉದ್ಯಮ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ಸಂದರ್ಭದಲ್ಲಿ, ಕುಮಾರಪರ್ವತದ ತಪ್ಪಲಿನಲ್ಲಿ ಕಿಕ್ಕಿರಿದು ನಿಂತ ಜನಸಂದಣಿಯ ದೃಶ್ಯಗಳನ್ನು ಕಂಡು ರಾಜ್ಯವೇ ಬೆಚ್ಚಿತು. ಆನ್‌ಲೈನ್ ಮುಂಗಡ ನೋಂದಣಿಯ ವ್ಯವಸ್ಥೆ ಇಲ್ಲದ ಚಾರಣಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಬಳಿಕ ನೋಂದಣಿ ಬಂತು, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಬಂತು. ಬೆಟ್ಟದ ದೃಷ್ಟಿಯಿಂದ ಇದು ಸರಿಯಾದ ಕ್ರಮ. ಆದರೆ ಎಷ್ಟು ಜನ ಬರಬೇಕು ಎಂಬ ಪ್ರಶ್ನೆಯಲ್ಲೇ ನಮ್ಮ ಚರ್ಚೆ ಮುಗಿದುಹೋಗಿದೆ. ಬಂದವರು ಖರ್ಚು ಮಾಡುವ ಹಣ ಎಲ್ಲಿಗೆ ಹೋಗುತ್ತದೆ ಎಂಬ ಎರಡನೆಯ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಕೇಳುತ್ತಿಲ್ಲ. ಬೆಟ್ಟದ ಬುಡದಲ್ಲಿ ಬದುಕುವ ಸಣ್ಣ ಊರುಗಳಿಗೆ ಮುಖ್ಯವಾದದ್ದು ಈ ಎರಡನೆಯ ಪ್ರಶ್ನೆಯೇ.

ಇದನ್ನು ಅಮೂರ್ತವಾಗಿ ಚರ್ಚಿಸುವುದಕ್ಕಿಂತ ಒಂದು ಊರನ್ನು ಎದುರಿಗಿಟ್ಟುಕೊಳ್ಳುವುದು ಒಳಿತು. ಚಿಕ್ಕಮಗಳೂರು ಜಿಲ್ಲೆಯ ಕಳಸ ಭದ್ರಾ ನದಿಯ ದಡದ ಒಂದು ಪುಟ್ಟ ಪಟ್ಟಣ. ಎತ್ತರದಲ್ಲಿ ಕಳಸೇಶ್ವರನ ಗುಡಿ, ಕೆಳಗೆ ಒಂದೇ ಮುಖ್ಯ ಬೀದಿ, ಸುತ್ತ ಕಾಫಿ, ಅಡಿಕೆ, ಕಾಳುಮೆಣಸಿನ ತೋಟಗಳು. ಎಂಟು ಕಿಲೋಮೀಟರ್ ಆಚೆ ಹೊರನಾಡು. ಅಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರಿಗೆಲ್ಲ ಊಟ. ಇನ್ನೊಂದು ದಿಕ್ಕಿನಲ್ಲಿ ಸಂಸೆ, ಅದರಾಚೆ 1,894 ಮೀಟರ್ ಎತ್ತರದ ಕುದುರೆಮುಖ ಶಿಖರ. ಕುದುರೆಮುಖ, ನೇತ್ರಾವತಿ, ಕುರಿಂಜಾಲ್ ಶಿಖರಗಳನ್ನು ಏರಲು ಬರುವವರ ಪೈಕಿ ಹೆಚ್ಚಿನವರು ಹಾದುಹೋಗುವುದು ಕಳಸ ಸೀಮೆಯ ಮೂಲಕವೇ. ನಿವೃತ್ತಿಯ ಬಳಿಕ ವರ್ಷಕ್ಕೊಂದೆರಡು ಬಾರಿ ನಾನು ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುವುದುಂಟು. ಮೊಣಕಾಲು ಅನುಮತಿಸಿದಷ್ಟು ನಡೆಯುವುದು, ಹಸಿವು ಅನುಮತಿಸಿದಷ್ಟು ತಿನ್ನುವುದು, ಇವೆರಡೇ ಕಾರ್ಯಕ್ರಮ.

ಈ ಸೀಮೆಗೆ ಒಂದು ಆರ್ಥಿಕ ಇತಿಹಾಸವಿದೆ. 1976ರಲ್ಲಿ ಕೇಂದ್ರ ಸರ್ಕಾರ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯನ್ನು ಸ್ಥಾಪಿಸಿತು. ಅದಿರನ್ನು ಇರಾನಿಗೆ ಮಾರುವುದು ಮೂಲ ಯೋಜನೆಯಾಗಿತ್ತು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿದರೂ ಗಣಿ ನಡೆಯಿತು. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸಲಾಯಿತು. 1987ರಲ್ಲಿ ಇದೇ ಕಾಡುಗಳು ರಾಷ್ಟ್ರೀಯ ಉದ್ಯಾನವಾದವು. ಸಿಂಗಳೀಕಗಳ ನೆಲೆಯೂ, ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವೂ ಆದ ಪ್ರದೇಶದಲ್ಲಿ ಗಣಿಗಾರಿಕೆ ಸಲ್ಲದೆಂದು ಪರಿಸರ ಹೋರಾಟಗಾರರು ನ್ಯಾಯಾಲಯದ ಮೆಟ್ಟಿಲೇರಿದರು. ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್‌ನಲ್ಲಿ ನೀಡಿದ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಶಾಲೆ, ಆಸ್ಪತ್ರೆ, ವಸತಿಗೃಹಗಳಿದ್ದ ಒಂದು ಇಡೀ ಉಪನಗರ ಕ್ರಮೇಣ ಬರಿದಾಯಿತು.

ಆ ತೀರ್ಪು ನದಿಗಳನ್ನು ಉಳಿಸಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗಣಿಯ ಸಂಬಳ ನಿಂತ ಮೇಲೆ ಈ ಸೀಮೆಯ ಜನ ಯಾವುದನ್ನು ನೆಚ್ಚಿ ಬದುಕಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ಎಲ್ಲರೂ ಹೇಳಿದ್ದು ಒಂದೇ ಮಾತು: ಪರಿಸರಸ್ನೇಹಿ ಪ್ರವಾಸೋದ್ಯಮ. ಗಣಿ ಮುಚ್ಚಿ ಎರಡು ದಶಕಗಳು ಕಳೆದಿವೆ. ಕೊಟ್ಟ ಮಾತು ಎಷ್ಟರ ಮಟ್ಟಿಗೆ ಈಡೇರಿದೆ ಎಂದು ಲೆಕ್ಕ ಹಾಕಲು ಇದು ಸಕಾಲ.

ಮೊದಲು ಊಟದ ಮಾತು ಹೇಳುತ್ತೇನೆ, ಏಕೆಂದರೆ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಮಲೆನಾಡಿನ ಇಂತಹ ಊರುಗಳ ಸಣ್ಣ ಹೋಟೆಲುಗಳಲ್ಲಿ ಬೆಳಗ್ಗೆ ನೀರುದೋಸೆ, ಕಡುಬು, ಬನ್ಸ್, ಸಂಜೆ ಗೋಳಿಬಜೆ ಸಿಗುತ್ತವೆ. ಮಳೆಗಾಲದಲ್ಲಿ ಅದೃಷ್ಟವಿದ್ದರೆ ಕಳಲೆಯ ಪಲ್ಯವೋ ಪತ್ರೊಡೆಯೋ ಸಿಕ್ಕೀತು. ಅನ್ನದ ಪಕ್ಕದಲ್ಲಿ ಅಪ್ಪೆಮಿಡಿ. ಈ ತಟ್ಟೆಯಲ್ಲಿರುವ ಅಕ್ಕಿ, ತೆಂಗು, ಕೆಸುವಿನೆಲೆ, ಮಿಡಿ ಮಾವು, ಮೆಣಸು ಬಹುಪಾಲು ಸುತ್ತಲಿನ ಗದ್ದೆ, ಹಿತ್ತಿಲುಗಳಿಂದಲೇ ಬರುವಂಥವು. ಅಂದರೆ ಇಲ್ಲಿ ಕೊಟ್ಟ ನೂರು ರೂಪಾಯಿ ಹೋಟೆಲಿನವನ ಗಲ್ಲಾಪೆಟ್ಟಿಗೆಯಲ್ಲಿ ನಿಲ್ಲದೆ ಹಾಲಿನವನಿಗೆ, ತರಕಾರಿ ಬೆಳೆದವಳಿಗೆ, ಸೌದೆ ತಂದವನಿಗೆ, ತಟ್ಟೆ ತೊಳೆಯುವ ಹುಡುಗನ ಮನೆಗೆ ಹರಿಯುತ್ತದೆ. ಅರ್ಥಶಾಸ್ತ್ರದಲ್ಲಿ ಇದನ್ನು ಗುಣಕ ಪರಿಣಾಮ ಎನ್ನುತ್ತೇವೆ. ಒಂದು ರೂಪಾಯಿ ಊರು ಬಿಡುವ ಮೊದಲು ಎಷ್ಟು ಕೈ ಬದಲಿಸುತ್ತದೆ ಎಂಬುದೇ ಅದರ ತಿರುಳು.

ಕಳಸದಲ್ಲಿ ನಾನು ಪ್ರತಿಸಲ ತಿಂಡಿ ತಿನ್ನುವ ಹೋಟೆಲಿನ ಯಜಮಾನರನ್ನು ಕಳೆದ ಬಾರಿ ವ್ಯಾಪಾರ ಹೇಗಿದೆ ಎಂದು ವಿಚಾರಿಸಿದೆ. ‘ಶನಿವಾರ ಹಿಟ್ಟು ಸಾಲೂದಿಲ್ಲ ಸಾರ್, ಮಂಗಳವಾರ ಮಿಕ್ಕಿದ್ದು ಹುಳಿ ಬರ್ತದೆ’ ಎಂದರು. ಮಲೆನಾಡಿನ ಪ್ರವಾಸೋದ್ಯಮದ ಸಮಸ್ಯೆಯನ್ನು ಇಷ್ಟು ಸಂಕ್ಷಿಪ್ತವಾಗಿ ಹೇಳಿದ ವರದಿಯನ್ನು ನಾನು ಸೇವೆಯಲ್ಲಿದ್ದಾಗ ಓದಿದ ನೆನಪಿಲ್ಲ. ವಾರಕ್ಕೆ ಎರಡು ದಿನದ ಗಿರಾಕಿಯನ್ನು ನಂಬಿ ಯಾರೂ ಕಾಯಂ ಕೆಲಸಗಾರನನ್ನು ಇಟ್ಟುಕೊಳ್ಳಲಾರರು, ಸಾಲ ತಂದು ಅಡುಗೆಮನೆ ವಿಸ್ತರಿಸಲಾರರು. ಊರಿನ ಹುಡುಗ ಬೆಂಗಳೂರಿಗೆ ಹೋಗಿ ಯಾರದೋ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ. ಅಲ್ಲಿ ಆ ದೋಸೆ ತಿಂದವರು ಶುಕ್ರವಾರ ರಾತ್ರಿ ಅವನ ಊರಿಗೆ ಹೊರಡುತ್ತಾರೆ.

ಹಾಗೆ ಹೊರಟವರಾದರೂ ಊರಿನಲ್ಲಿ ಉಳಿಯುವುದು ಎಷ್ಟು ಹೊತ್ತು? ಸುಮಾರು 330 ಕಿಲೋಮೀಟರ್ ದೂರದ ಬೆಂಗಳೂರಿನಿಂದ ಟೆಂಪೊ ಟ್ರಾವೆಲರ್ ರಾತ್ರಿ ಹೊರಡುತ್ತದೆ. ನಸುಕಿನಲ್ಲಿ ತಲಪಿ, ಮುಖ ತೊಳೆದು, ತಿಂಡಿ ಮುಗಿಸಿ, ಕಟ್ಟಿಕೊಟ್ಟ ಬುತ್ತಿ ಹಿಡಿದು ಬೆಟ್ಟ ಹತ್ತುತ್ತಾರೆ. ಸಂಜೆ ಇಳಿದು ಅದೇ ರಾತ್ರಿ ಹಿಂತಿರುಗುತ್ತಾರೆ. ಸಾರಿಗೆ, ಊಟ, ಮಾರ್ಗದರ್ಶಿ ಎಲ್ಲವೂ ಸೇರಿದ ಮೊತ್ತವನ್ನು ನಗರದಲ್ಲೇ, ಮೊಬೈಲ್ ಫೋನಿನಲ್ಲೇ ಪಾವತಿ ಮಾಡಿಯಾಗಿರುತ್ತದೆ. ಕಳಸದ ಬೀದಿಗೆ ಅವರಿಂದ ಸಿಗುವುದು ವಾಹನ ದಟ್ಟಣೆ, ಖಾಲಿ ನೀರಿನ ಬಾಟಲಿ ಮತ್ತು ಒಂದೆರಡು ಲೋಟ ಕಾಫಿಯ ವ್ಯಾಪಾರ. ಇದಕ್ಕೊಂದು ಅಪವಾದವನ್ನೂ ಹೇಳಬೇಕು. ಕುದುರೆಮುಖ ಚಾರಣ ಆರಂಭವಾಗುವ ಮುಳ್ಳೋಡಿಗೆ ಹೋಗುವ ದಾರಿ ಕಡಿದಾದದ್ದು. ಅಲ್ಲಿ ಸ್ಥಳೀಯರ ಜೀಪುಗಳೇ ಗತಿ. ಆ ಕೆಟ್ಟ ರಸ್ತೆಯೇ ಹಲವು ಕುಟುಂಬಗಳಿಗೆ ಅನ್ನ ಕೊಟ್ಟಿದೆ. ರಸ್ತೆ ಸುಧಾರಿಸಿದರೆ ಊರು ಉದ್ಧಾರವಾಗುತ್ತದೆ ಎಂದು ನಂಬುವ ನಮ್ಮ ಅಭಿವೃದ್ಧಿ ಶಾಸ್ತ್ರ ಈ ಸಣ್ಣ ಸತ್ಯವನ್ನು ಗಮನಿಸಬೇಕು.

ಒಂದು ಊರಿಗೆ ಪ್ರವಾಸಿಗಳಿಂದ ಬರುವ ಆದಾಯ ಮೂರು ಅಂಶಗಳ ಗುಣಲಬ್ಧ: ಬರುವವರ ಸಂಖ್ಯೆ, ಅವರು ತಂಗುವ ದಿನಗಳು, ಅವರ ಖರ್ಚಿನಲ್ಲಿ ಊರಿನೊಳಗೆ ಉಳಿಯುವ ಪಾಲು. ಕುದುರೆಮುಖ ಶಿಖರಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಇದೆ. ಮೊದಲ ಅಂಶ ಅಲ್ಲಿಗೆ ಸ್ಥಿರವಾಯಿತು, ಅದು ಸ್ಥಿರವಾಗಿಯೇ ಇರಬೇಕು. ಹೆಚ್ಚಿಸಲು ಸಾಧ್ಯವಿರುವುದು ಉಳಿದೆರಡನ್ನು ಮಾತ್ರ. ಒಂದು ಊಹೆಯ ಲೆಕ್ಕ ಹಾಕೋಣ. ಪ್ರತಿಯೊಬ್ಬ ಚಾರಣಿಗನೂ ಊರಿನ ಹೋಟೆಲಿನಲ್ಲಿ ಒಂದು ತಿಂಡಿ, ಎರಡು ಊಟಕ್ಕೆಂದು 300 ರೂಪಾಯಿ ವ್ಯಯಿಸಿದರೆ ದಿನಕ್ಕೆ 90,000 ರೂಪಾಯಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಚಾರಣ ನಿಲ್ಲಿಸುವುದನ್ನು ಗಣನೆಗೆ ತೆಗೆದುಕೊಂಡು, ವರ್ಷದಲ್ಲಿ ನೂರು ದಿನ ಮಾತ್ರ ಮಿತಿ ಭರ್ತಿಯಾಗುತ್ತದೆ ಎಂದಿಟ್ಟುಕೊಂಡರೂ 90 ಲಕ್ಷ ರೂಪಾಯಿ. ಒಂದು ಸಣ್ಣ ಊರಿನ ಅಡುಗೆಮನೆಗಳ ಪಾಲಿಗೆ ಇದು ಅಲ್ಪ ಮೊತ್ತವಲ್ಲ. ಕಾಡಿನ ಮೇಲೆ ಒಂದೇ ಒಂದು ಹೆಚ್ಚುವರಿ ಹೆಜ್ಜೆ ಬೀಳದೆ ಬರಬಹುದಾದ ಆದಾಯವಿದು.

ತೆರಿಗೆಯ ವ್ಯವಸ್ಥೆಯೂ ಈ ಊರುಗಳ ಪರವಾಗಿಲ್ಲ. ಹೋಟೆಲಿನ ಊಟದ ಮೇಲೆ ಶೇ 5ರ ಜಿಎಸ್‌ಟಿ ಇದೆ. 7,500 ರೂಪಾಯಿವರೆಗಿನ ಕೊಠಡಿಗಳ ಮೇಲಿನ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ವಸೂಲಾದ ಈ ತೆರಿಗೆ ಕೇಂದ್ರಕ್ಕೂ ರಾಜ್ಯಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ಪಂಚಾಯಿತಿಗೆ ಅದರಲ್ಲಿ ನೇರ ಪಾಲಿಲ್ಲ. ಹಣಕಾಸು ಆಯೋಗದ ಅನುದಾನ ಬರುವುದಾದರೂ ಅದರ ಸೂತ್ರ ಎಣಿಸುವುದು ಮುಖ್ಯವಾಗಿ ನಿವಾಸಿಗಳ ಜನಸಂಖ್ಯೆಯನ್ನು. ಶನಿವಾರ ಬಂದು ಭಾನುವಾರ ಹೋಗುವವರು ಆ ಲೆಕ್ಕದಲ್ಲಿ ಇಲ್ಲ. ಆದರೆ ಅವರು ಬಿಟ್ಟುಹೋದ ಕಸವನ್ನು ಸೋಮವಾರ ಎತ್ತಬೇಕಾದ್ದು, ಅವರಿಗೆ ನೀರು, ಶೌಚಾಲಯ ಒದಗಿಸಬೇಕಾದ್ದು ಇದೇ ಪಂಚಾಯಿತಿ.

ಪ್ರವಾಸಿಗಳನ್ನು ಹೆಚ್ಚು ಓಲೈಸಿದಷ್ಟೂ ಮಲೆನಾಡು ಕೆಡುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಬೆಟ್ಟದ ಇಳಿಜಾರನ್ನು ಕಡಿದು ರೆಸಾರ್ಟ್ ಕಟ್ಟುವುದರ ಅಪಾಯವನ್ನು 2018ರಲ್ಲಿ ಕೊಡಗಿನ, 2019ರಲ್ಲಿ ಮೂಡಿಗೆರೆ ಸೀಮೆಯ, 2024ರಲ್ಲಿ ವಯನಾಡಿನ ಭೂಕುಸಿತಗಳ ನಂತರವೂ ಅರಿಯದಿದ್ದರೆ ಅದು ಅಕ್ಷಮ್ಯ. ನಾನು ಹೇಳುತ್ತಿರುವುದು ಹೊಸ ಕಟ್ಟಡಗಳ ಮಾತಲ್ಲ. ಈಗಾಗಲೇ ಇರುವ ಹೋಟೆಲಿಗೆ, ಈಗಾಗಲೇ ಇರುವ ಮನೆಯ ಖಾಲಿ ಕೋಣೆಗೆ, ಈಗಾಗಲೇ ಬರುತ್ತಿರುವ ಅತಿಥಿಯನ್ನು ತಲಪಿಸುವ ಮಾತು. ದುಡಿಮೆಯ ದಾರಿ ಇಲ್ಲದ ಊರಿನಲ್ಲಿ ಜಮೀನು ಮಾರಾಟಕ್ಕೆ ಬರುತ್ತದೆ. ಮಾರಾಟಕ್ಕೆ ಬಂದ ಜಮೀನಿನಲ್ಲಿ ರೆಸಾರ್ಟ್ ಏಳುತ್ತದೆ. ಆದ್ದರಿಂದ ಸಣ್ಣ ಹೋಟೆಲಿನ ಉಳಿವೂ ಕಾಡಿನ ಉಳಿವೂ ಪರಸ್ಪರ ವಿರೋಧಿಗಳಲ್ಲ.

ಮಾದರಿಗಳನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಿಲ್ಲ. ನೇಪಾಳದ ಅನ್ನಪೂರ್ಣ ಪ್ರದೇಶದಲ್ಲಿ 1986ರಲ್ಲಿ ಆರಂಭವಾದ ಸಂರಕ್ಷಣಾ ಯೋಜನೆಯು ಚಾರಣಿಗರ ಪ್ರವೇಶ ಶುಲ್ಕವನ್ನು ಅಲ್ಲಿನ ಹಾದಿ, ಶಾಲೆ, ಅರಣ್ಯ ರಕ್ಷಣೆಗಳಿಗೆ ಬಳಸುವ ಪದ್ಧತಿಯನ್ನು ರೂಢಿಸಿತು. ಅಲ್ಲಿ ಚಾರಣಿಗ ರಾತ್ರಿ ಕಳೆಯುವುದು, ಉಣ್ಣುವುದು ಹಳ್ಳಿಯವರು ನಡೆಸುವ ವಸತಿಗೃಹಗಳಲ್ಲಿ. ನೆರೆಯ ಕೇರಳದ ಪೆರಿಯಾರ್‌ನಲ್ಲಿ 1990ರ ದಶಕದ ಕೊನೆಯಲ್ಲಿ, ಕಾಡುದಾಲ್ಚಿನ್ನಿಯ ತೊಗಟೆಯನ್ನು ಕದ್ದು ಮಾರುತ್ತಿದ್ದವರನ್ನೇ ಸಂಘಟಿಸಿ ಚಾರಣದ ಮಾರ್ಗದರ್ಶಿಗಳನ್ನಾಗಿ ಮಾಡಲಾಯಿತು. ಕಾಡಿನ ಕಳ್ಳದಾರಿ ಬಲ್ಲವರೇ ಕಾವಲುಗಾರರಾದರು. ನಮ್ಮಲ್ಲೂ 1993ರಿಂದ ಗ್ರಾಮ ಅರಣ್ಯ ಸಮಿತಿಗಳ ಪರಿಕಲ್ಪನೆ ಇದೆ. ಇರುವ ಚೌಕಟ್ಟನ್ನು ಚಾರಣಕ್ಕೆ ಅನ್ವಯಿಸುವ ಮನಸ್ಸು ಬೇಕು.

ಸರ್ಕಾರ ತಕ್ಷಣ ಮಾಡಬಹುದಾದ ನಾಲ್ಕು ಕೆಲಸಗಳಿವೆ. ಒಂದು, ಚಾರಣ ಶುಲ್ಕದ ನಿಗದಿತ ಪಾಲನ್ನು ಆಯಾ ಪಂಚಾಯಿತಿಗೂ ಗ್ರಾಮ ಅರಣ್ಯ ಸಮಿತಿಗೂ ನೇರವಾಗಿ ನೀಡಿ, ಆ ಲೆಕ್ಕವನ್ನು ಪಂಚಾಯಿತಿ ಕಚೇರಿಯ ಫಲಕದ ಮೇಲೆ ಪ್ರಕಟಿಸಬೇಕು. ಎರಡು, ವಾರಾಂತ್ಯಕ್ಕೆ ಒಂದು ಶುಲ್ಕ, ವಾರದ ನಡುವೆ ಅದರ ಅರ್ಧ ಎಂದು ನಿಗದಿಪಡಿಸಬೇಕು. ಮಂಗಳವಾರದ ಹಿಟ್ಟು ಹುಳಿ ಬರದಂತೆ ತಡೆಯಲು ಇದಕ್ಕಿಂತ ಸರಳ ಉಪಾಯವಿಲ್ಲ. ಮೂರು, ಚಾರಣ ತಂಡಗಳನ್ನು ಕರೆತರುವ ಸಂಸ್ಥೆಗಳು ಸ್ಥಳೀಯ ಮಾರ್ಗದರ್ಶಿಯನ್ನೂ, ಊರಿನ ಹೋಟೆಲ್ ಅಥವಾ ಮಹಿಳಾ ಸ್ವಸಹಾಯ ಸಂಘಗಳ ಬುತ್ತಿಯನ್ನೂ ಬಳಸುವುದನ್ನು ಅನುಮತಿಯ ಷರತ್ತಾಗಿಸಬೇಕು. ನಾಲ್ಕು, ಕಾದಿರಿಸುವಾಗಲೇ ಊರಿನಲ್ಲಿ ಒಂದು ರಾತ್ರಿಯಾದರೂ ತಂಗುವವರಿಗೆ ಒಂದಿಷ್ಟು ಸ್ಥಾನಗಳನ್ನು ಮೀಸಲಿಡಬೇಕು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಜೆಟ್ ಬೇಡ. ಅರಣ್ಯ, ಪ್ರವಾಸೋದ್ಯಮ, ಗ್ರಾಮೀಣಾಭಿವೃದ್ಧಿ ಇಲಾಖೆಗಳು ಒಂದು ಮೇಜಿನ ಸುತ್ತ ಕುಳಿತರೆ ಸಾಕು. ಹಾಗೆ ಕೂರಿಸುವುದು ಬಜೆಟ್ ಒದಗಿಸುವುದಕ್ಕಿಂತ ಕಷ್ಟ ಎಂಬುದನ್ನು ಆಡಳಿತದೊಳಗಿದ್ದು ಬಲ್ಲೆ. ಆದರೂ ಜಿಲ್ಲಾಧಿಕಾರಿಯೊಬ್ಬರು ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ.

ನಗರದ ಓದುಗರಾದ ನಮ್ಮ ಪಾಲಿನ ಕರ್ತವ್ಯವೂ ಸ್ವಲ್ಪ ಇದೆ. ರಾತ್ರಿ ಪಯಣಿಸಿ, ಹಗಲು ಹತ್ತಿ, ಮತ್ತೆ ರಾತ್ರಿ ಮರಳುವ ಅವಸರದಲ್ಲಿ ನಾವು ಕಾಣುವುದು ಶಿಖರವನ್ನು ಮಾತ್ರ. ಎರಡು ದಿನ ಹೆಚ್ಚು ಉಳಿದರೆ ಭದ್ರೆಯ ದಡದ ನಡಿಗೆ, ತೋಟದ ನಡುವಿನ ಕಾಲುದಾರಿ, ಮಳೆ ನಿಂತ ಸಂಜೆಯ ಬಿಸಿ ಗೋಳಿಬಜೆ ಎಲ್ಲವೂ ದಕ್ಕುತ್ತವೆ. ಇದು ತ್ಯಾಗವಲ್ಲ, ಸುಖದ ಹೆಚ್ಚಳ. ಮೂರು ದಶಕಗಳ ಹಿಂದೆ ಈ ಬೆಟ್ಟಗಳ ಅದಿರು ಊರನ್ನು ಮುಟ್ಟದೆ ಕೊಳವೆಯೊಳಗಿಂದಲೇ ಕಡಲಿಗೆ ಸಾಗಿತ್ತು. ಇಂದು ಅದೇ ಬೆಟ್ಟಗಳ ಸೌಂದರ್ಯದ ಬೆಲೆ ಅದೇ ರೀತಿ ಊರನ್ನು ಮುಟ್ಟದೆ ಬೆಂಗಳೂರಿಗೆ ಹರಿದರೆ, ಗಣಿ ಮುಚ್ಚಿಸುವಾಗ ಮಲೆನಾಡಿಗೆ ಕೊಟ್ಟ ಮಾತನ್ನು ನಾವು ಉಳಿಸಿಕೊಂಡಂತಾಗುವುದಿಲ್ಲ.