ಏಕಾಕಿ ಮತ್ತು ಎರಡನೆಯ ಆಟಗಾರ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನಲವತ್ತು ವರ್ಷ ತುಂಬಿದ ನಾಲ್ವರಲ್ಲಿ ಒಬ್ಬರು ಒಮ್ಮೆಯೂ ವಿವಾಹವಾದವರಲ್ಲ. ಪ್ಯೂ ಸಂಶೋಧನ ಕೇಂದ್ರವು 2023ರಲ್ಲಿ ಪ್ರಕಟಿಸಿದ ಲೆಕ್ಕವಿದು. ಇಂಥವರ ಪ್ರಮಾಣ 1980ರಲ್ಲಿ ಶೇಕಡಾ 6 ಇದ್ದುದು 2021ರ ವೇಳೆಗೆ ಶೇಕಡಾ 25ಕ್ಕೆ ಏರಿತು. 1960ರಲ್ಲಿ ಅಲ್ಲಿನ ಗಂಡಸರು ಸರಾಸರಿ ಇಪ್ಪತ್ತಮೂರರ ಒಳಗೆ, ಹೆಂಗಸರು ಇಪ್ಪತ್ತರ ಆಸುಪಾಸಿನಲ್ಲಿ ಮೊದಲ ಮದುವೆಯನ್ನು ಮಾಡಿಕೊಳ್ಳುತ್ತಿದ್ದರು. 2023ರ ಹೊತ್ತಿಗೆ ಆ ವಯಸ್ಸು ಗಂಡಸರಿಗೆ ಮೂವತ್ತನ್ನು, ಹೆಂಗಸರಿಗೆ ಇಪ್ಪತ್ತೆಂಟನ್ನು ದಾಟಿತ್ತು. ಈ ಅಂಕಿಗಳನ್ನು ಕಂಡು ಒಂದು ಪಕ್ಷದವರು ಕುಟುಂಬವೆಂಬ ಸಂಸ್ಥೆಯೇ ಕುಸಿಯಿತೆಂದು ಕಳವಳಗೊಂಡಿದ್ದಾರೆ. ಇನ್ನೊಂದು ಪಕ್ಷದವರು ವ್ಯಕ್ತಿಸ್ವಾತಂತ್ರ್ಯ ಗೆದ್ದಿತೆಂದು ಹಿಗ್ಗಿದ್ದಾರೆ. ಸೋತವರಾರು, ಗೆದ್ದವರಾರು ಎಂಬ ಈ ವಾದದಲ್ಲಿ ಇಬ್ಬರೂ ಹಿಡಿದಿರುವ ಅಳತೆಗೋಲು ಒಂದೇ. ಅದು ಆಟದ ಬಯಲಿನಿಂದ ತಂದದ್ದು. ಆ ಅಳತೆಗೋಲು ಮನೆಯೊಳಗೆ ಸಲ್ಲುತ್ತದೆಯೇ ಎಂಬುದು ನನ್ನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಆ ದೇಶದ ಆಟದ ಬಯಲಿಗೇ ಒಮ್ಮೆ ಹೋಗಿಬರುವುದು ಒಳಿತು.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಮೈಗೆ ಮೈ ತಾಗಿಸಿ ತಡೆಯುವ ಆಟ ಅದು. ಒಂದು ಪಕ್ಷದಿಂದ ಹನ್ನೊಂದು ಮಂದಿ ಕಣಕ್ಕಿಳಿದರೂ ಚೆಂಡು ಮೊದಲು ಬರುವುದು ಒಬ್ಬನ ಕೈಗೆ; ಅದನ್ನು ಯಾರಿಗೆ ಎಸೆಯಬೇಕು, ಯಾರಿಗೆ ಒಪ್ಪಿಸಬೇಕು ಎಂಬುದನ್ನು ಕ್ಷಣಾರ್ಧದಲ್ಲಿ ನಿರ್ಧರಿಸುವವನೂ ಅವನೇ. ಆತನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಸೂತ್ರಧಾರನೆನ್ನಬಹುದು. ಉಳಿದ ಸ್ಥಾನಗಳಲ್ಲಿ ಆಟಗಾರರು ಸರದಿಯಂತೆ ಬಂದುಹೋಗುವುದುಂಟು. ಈ ಸ್ಥಾನದಲ್ಲಿ ಸಾಮಾನ್ಯವಾಗಿ ಅದು ಸಲ್ಲದು. ಒಬ್ಬ ಆಡುತ್ತಾನೆ, ಅಷ್ಟೇ ಸಮರ್ಥನಾದ ಇನ್ನೊಬ್ಬ ಬೆಂಚಿನ ಮೇಲೆ ಕುಳಿತು ಕಾಯುತ್ತಾನೆ. ಇಬ್ಬರು ಸೂತ್ರಧಾರರಿರುವ ತಂಡಕ್ಕೆ ನಿಜವಾಗಿ ಒಬ್ಬನೂ ಇಲ್ಲವೆಂಬ ಅಭಿಪ್ರಾಯ ಆ ಆಟದವರಲ್ಲಿ ಬಲವಾಗಿದೆ.

ಈ ಕಾಯುವಿಕೆಯ ಅತ್ಯಂತ ಪ್ರಸಿದ್ಧ ಪ್ರಸಂಗ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ್ದು. ಕ್ಯಾಲಿಫೋರ್ನಿಯಕ್ಕೆ 1849ರಲ್ಲಿ ಚಿನ್ನವನ್ನು ಅರಸಿ ಬಂದವರಿಂದ ಹೆಸರು ಪಡೆದ ತಂಡವಿದು. ಇದರ ಈಗಿನ ಕ್ರೀಡಾಂಗಣವಿರುವ ಸಾಂತಾ ಕ್ಲಾರದ ಸುತ್ತಮುತ್ತ ನಮ್ಮ ಕನ್ನಡ ಕುಟುಂಬಗಳೂ ನೆಲಸಿವೆ. 1987ರಲ್ಲಿ ಸ್ಟೀವ್ ಯಂಗ್ ಈ ತಂಡವನ್ನು ಸೇರಿದಾಗ ಸೂತ್ರಧಾರನ ಸ್ಥಾನದಲ್ಲಿದ್ದವನು ಜೋ ಮಾಂಟಾನ. ಆಗಲೇ ಎರಡು ಸಲ ಸೂಪರ್ ಬೌಲ್ ಎಂಬ ಮಹಾಪಂದ್ಯವನ್ನು ಗೆದ್ದುಕೊಟ್ಟಿದ್ದವನು. ಮಾಂಟಾನನ ಬೆನ್ನಿಗೆ 1986ರಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದುದರಿಂದ, ಆತ ಹೆಚ್ಚು ಕಾಲ ಆಡಲಾರನೆಂಬ ಎಣಿಕೆಯಿಂದಲೇ ಯಂಗ್‌ನನ್ನು ತಂದದ್ದು. ಆದರೆ ಮಾಂಟಾನ ಆಡಿದ. 1989ರಲ್ಲಿಯೂ 1990ರಲ್ಲಿಯೂ ಮಹಾಪಂದ್ಯವನ್ನು ಮತ್ತೆ ಗೆದ್ದ. ನಾಲ್ಕು ಋತುಗಳ ಕಾಲ ಯಂಗ್ ಬಹುಮಟ್ಟಿಗೆ ನೋಡುತ್ತ ನಿಂತ. 1991ರ ಜನವರಿಯಲ್ಲಿ ಮಾಂಟಾನ ತೀವ್ರವಾಗಿ ಗಾಯಗೊಂಡು, ಅನಂತರದ ಋತುವನ್ನು ಮೊಣಕೈಯ ನೋವಿನಿಂದ ಪೂರ್ತಿಯಾಗಿ ಕಳೆದುಕೊಂಡ ಮೇಲೆಯೇ ಯಂಗ್‌ಗೆ ಸ್ಥಾನ ದೊರೆತದ್ದು. 1992ರಲ್ಲಿ ಇಡೀ ಲೀಗಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಬಂದರೂ ಅಭಿಮಾನಿಗಳ ನಾಲಗೆಯ ಮೇಲಿದ್ದುದು ಮಾಂಟಾನನ ಹೆಸರೇ. 1993ರಲ್ಲಿ ತಂಡದವರು ಹಳಬನಿಗೇ ಮೊದಲ ಸ್ಥಾನವನ್ನು ಕೊಡುತ್ತೇವೆಂದರೂ ಆತ ಅದನ್ನು ಒಲ್ಲದೆ ಕ್ಯಾನ್ಸಸ್ ಸಿಟಿಯ ತಂಡಕ್ಕೆ ಹೋದ. 1995ರ ಜನವರಿಯಲ್ಲಿ ಯಂಗ್ ಮಹಾಪಂದ್ಯದಲ್ಲಿ ಆರು ಟಚ್‌ಡೌನ್ ಎಸೆತಗಳನ್ನು ಮಾಡಿ, ಮಾಂಟಾನನ ಐದರ ದಾಖಲೆಯನ್ನು ಮೀರಿದ. ಏಳೂವರೆ ವರ್ಷಗಳ 'ಇನ್ನೂ ಇಲ್ಲ' ಎಂಬ ಮಾತು ಅಂದಿಗೆ ಮುಗಿಯಿತು.

ಈ ಕಥೆ ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಇಲ್ಲಿ ಎತ್ತುವ ಪ್ರಮೇಯವಿರಲಿಲ್ಲ. ಯಂಗ್‌ನನ್ನು ಬೆನ್ನಟ್ಟಿದ 'ಇನ್ನೂ ಇಲ್ಲ' ಎಂಬ ಮಾತು ಇನ್ನೊಂದಿತ್ತು: ಆತನಿಗೆ ಇನ್ನೂ ಮದುವೆಯಾಗಿರಲಿಲ್ಲ. ಆತ ಹುಟ್ಟಿದ್ದು 1961ರಲ್ಲಿ, ಮಾರ್ಮನ್ ಪಂಥದ ಕೇಂದ್ರವಾದ ಸಾಲ್ಟ್ ಲೇಕ್ ಸಿಟಿಯಲ್ಲಿ. ಆ ಪಂಥದ ಎರಡನೆಯ ಅಧ್ಯಕ್ಷನಾಗಿ, ಐವತ್ತಕ್ಕೂ ಹೆಚ್ಚು ಮಂದಿ ಹೆಂಗಸರನ್ನು ವಿವಾಹವಾಗಿದ್ದ ಬ್ರಿಗಮ್ ಯಂಗ್‌ನ ನೇರ ವಂಶದವನು. ಸರ್ವೋಚ್ಚ ನ್ಯಾಯಾಲಯ 1879ರಲ್ಲಿ ಬಹುಪತ್ನೀತ್ವಕ್ಕೆ ಧರ್ಮದ ರಕ್ಷಣೆಯಿಲ್ಲವೆಂದು ತೀರ್ಪಿತ್ತಿತು. ಪಂಥದ ಅಧ್ಯಕ್ಷ ವಿಲ್‌ಫರ್ಡ್ ವುಡ್ರಫ್ 1890ರಲ್ಲಿ ಆ ಪದ್ಧತಿಯನ್ನು ಬಿಡುವ ಪ್ರಕಟಣೆ ಹೊರಡಿಸಿದ. 1896ರಲ್ಲಿ ಯೂಟಾ ಪ್ರಾಂತಕ್ಕೆ ರಾಜ್ಯದ ಮನ್ನಣೆ ದೊರೆಯಿತು. ಬಹುಪತ್ನೀತ್ವ ಹೋದರೂ ವಿವಾಹದ ಮಹತ್ತ್ವ ಅಲ್ಲಿ ತಗ್ಗಲಿಲ್ಲ. ದೇವಾಲಯದಲ್ಲಿ ನಡೆದ ಮದುವೆ ಮರಣಾನಂತರವೂ ಉಳಿಯುವುದೆಂದೂ, ಪರಮಪದದ ಅತ್ಯುನ್ನತ ಪದವಿಗೆ ಅದು ಅವಶ್ಯವೆಂದೂ ಅವರ ಶ್ರದ್ಧೆ. ಅಂಥ ಸಮಾಜದಲ್ಲಿ ಆತ ಮೂವತ್ತೆಂಟರವರೆಗೆ ಅವಿವಾಹಿತನಾಗಿದ್ದು, 2000ದಲ್ಲಿ ಮದುವೆಯಾದ. ಐವತ್ತು ಮದುವೆಗಳ ಪೂರ್ವಜನೆಲ್ಲಿ, ಒಂದು ಮದುವೆಗೆ ಇಷ್ಟು ಕಾಲ ಹಿಡಿದ ವಂಶಜನೆಲ್ಲಿ! ಆಟದಲ್ಲಿಯೂ ಮನೆಯಲ್ಲಿಯೂ ಆತನನ್ನು ಲೋಕ ನೋಡಿದ ಕಣ್ಣು ಒಂದೇ: ಸ್ಥಾನವೊಂದು ಖಾಲಿಯಿದೆ, ಈತ ಇನ್ನೂ ಅದನ್ನು ತುಂಬಿಲ್ಲ.

ಈ ಹೋಲಿಕೆ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ವಾಚಕರು ಸಾವಧಾನವಾಗಿ ನೋಡಬೇಕು.

ಮೊದಲು ಏಕಪತ್ನೀವ್ರತದ ವಿಚಾರ. ಒಂದು ಸ್ಥಾನ, ಅದಕ್ಕೆ ಒಬ್ಬರೇ ಎಂಬುದರಲ್ಲಿ ಎರಡಕ್ಕೂ ಸಾಮ್ಯವಿದೆ. ಆದರೆ ಸೂತ್ರಧಾರನ ಸ್ಥಾನ ಎಂದಿಗೂ ಶಾಶ್ವತವಲ್ಲ. ಇದೇ ತಂಡದಲ್ಲಿ 2021ರ ಆಯ್ಕೆಯಲ್ಲಿ ಮೂರನೆಯವನಾಗಿ ಬಂದ ಟ್ರೇ ಲ್ಯಾನ್ಸ್ 2022ರಲ್ಲಿ ಗಾಯಗೊಂಡ. ಅವನ ಬದಲಿಗೆ ಆಡಿದ ಜಿಮ್ಮಿ ಗರೊಪೊಲೊ ಸಹ ಗಾಯಗೊಂಡ. ಆ ವರ್ಷದ ಆಯ್ಕೆಯ 262 ಮಂದಿಯಲ್ಲಿ ಕಟ್ಟಕಡೆಯವನಾದ ಬ್ರಾಕ್ ಪರ್ಡಿ ಕಣಕ್ಕಿಳಿದು ಸ್ಥಾನವನ್ನೇ ಗೆದ್ದುಕೊಂಡ. 2023ರಲ್ಲಿ ಲ್ಯಾನ್ಸ್‌ನನ್ನು ಡಲ್ಲಾಸಿಗೆ ಸಾಗಹಾಕಿದರು. 2025ರಲ್ಲಿ ಪರ್ಡಿಗೆ ಐದು ವರ್ಷಗಳಿಗೆ 26 ಕೋಟಿ 50 ಲಕ್ಷ ಡಾಲರುಗಳವರೆಗಿನ ಕರಾರಾಯಿತು. ಅದೇ ವರ್ಷ ಅವನ ಕಾಲ್ಬೆರಳಿಗೆ ಪೆಟ್ಟಾಗಿ ಮ್ಯಾಕ್ ಜೋನ್ಸ್ ಹಲವು ಪಂದ್ಯಗಳಲ್ಲಿ ಚೆನ್ನಾಗಿ ಆಡಿದ್ದೇ ತಡ, ಇವನೇ ಏಕೆ ಮುಂದುವರಿಯಬಾರದೆಂಬ ಮಾತು ಹುಟ್ಟಿತು. ಇದರಲ್ಲಿ ಅನ್ಯಾಯವೇನೂ ಇಲ್ಲ. ಯೋಗ್ಯತೆಯೇ ಆಟದ ಧರ್ಮ. ಮೇಲಾದವನು ಬಂದರೆ ಹಿಂದಿನವನು ಎದ್ದು ಜಾಗ ಬಿಡಬೇಕು.

ದಾಂಪತ್ಯದ ಧರ್ಮ ಇದಕ್ಕೆ ನೇರವಾಗಿ ವಿರುದ್ಧವಾದದ್ದು. ಮದುವೆಯೆಂದರೆ ಸ್ಪರ್ಧೆ ಮುಗಿಯಿತೆಂಬ ಸಾರುವಿಕೆ. ಹೆಂಡತಿಯಾಗಲಿ ಗಂಡನಾಗಲಿ ಲೋಕದಲ್ಲಿ ಸಿಗಬಹುದಾದವರಲ್ಲೆಲ್ಲ ಶ್ರೇಷ್ಠರೆಂದು ಸಾಬೀತಾದುದರಿಂದ ಆ ಸ್ಥಾನದಲ್ಲಿ ಇರುವುದಿಲ್ಲ; ಮಾತು ಕೊಟ್ಟದ್ದರಿಂದ ಇರುತ್ತಾರೆ. ಮೊಣಕೈ ಮುರಿದ ಆಟಗಾರ ಸ್ಥಾನವನ್ನು ಕಳೆದುಕೊಳ್ಳುವುದು ಸಹಜ. ಹಾಸಿಗೆ ಹಿಡಿದ ಹೆಂಡತಿ ಸ್ಥಾನವನ್ನು ಕಳೆದುಕೊಂಡರೆ ಅದನ್ನು ನಾವು ಮದುವೆಯೆನ್ನುವುದಿಲ್ಲ. ಇಂದು ಅಮೆರಿಕದಲ್ಲಿ ವಧೂವರಾನ್ವೇಷಣೆ ಬಹುಮಟ್ಟಿಗೆ ದೂರವಾಣಿಯ ಪರದೆಗೆ ಇಳಿದಿದೆ. 2017ರಲ್ಲಿ ಜೊತೆಗೂಡಿದ ಗಂಡುಹೆಣ್ಣುಗಳ ಜೋಡಿಗಳಲ್ಲಿ ಸುಮಾರು ಶೇಕಡಾ 39 ಅಂತರಜಾಲದ ಮೂಲಕವೇ ಪರಿಚಿತರಾದರೆಂದು ಸ್ಟ್ಯಾನ್‌ಫರ್ಡಿನ ಮೈಕೆಲ್ ರೋಸನ್‌ಫೆಲ್ಡ್ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು. ಪರಿಚಯದ ದಾರಿ ಯಾವುದಾದರೇನು? ಅದರಲ್ಲಿ ದೋಷವಿಲ್ಲ. ಆದರೆ ಬೆರಳಿನಡಿ ಸದಾ ಇನ್ನೊಂದು ಮುಖ ಕಾದಿರುವಾಗ, ಆಯ್ಕೆಯ ಋತು ಎಂದಿಗೂ ಮುಗಿಯದೆ ಹೋಗುವ ಅಪಾಯವುಂಟು. ಏಕನಿಷ್ಠೆಯ ಶತ್ರು ಬಹುಪತ್ನೀತ್ವವೊಂದೇ ಅಲ್ಲ. ಮುಗಿಯದ ಪರೀಕ್ಷೆಯೂ ಅದರ ಶತ್ರುವೇ.

ಇನ್ನು ಅವಿವಾಹಿತರ ವಿಚಾರ. ಆಟದ ಹೋಲಿಕೆ ಇವರಿಗೆ ಮಾಡುವ ಅನ್ಯಾಯ ಇನ್ನೂ ದೊಡ್ಡದು. ಏಕೆಂದರೆ ಅದು ಇವರೆಲ್ಲರನ್ನೂ ಬೆಂಚಿನ ಮೇಲೆ ಕೂರಿಸುತ್ತದೆ. 2021ರ ಏಪ್ರಿಲ್‌ನಲ್ಲಿ ಮಾರ್ಮನ್ ಪಂಥದ ಹಿರಿಯರೇ ತಮ್ಮ ಮಹಾಸಮ್ಮೇಳನದಲ್ಲಿ, ಪಂಥದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅವಿವಾಹಿತರು, ವಿಧವೆ ವಿಧುರರು ಅಥವಾ ವಿಚ್ಛೇದಿತರು ಎಂದು ಒಪ್ಪಿಕೊಂಡು, ಅವರನ್ನು ಆದರದಿಂದ ಒಳಗೊಳ್ಳಬೇಕೆಂದರು. ಔದಾರ್ಯದ ಮಾತು. ಆದರೂ ಅವಿವಾಹಿತರೆಂದರೆ 'ಇನ್ನೂ ಮದುವೆಯಾಗದವರು' ಎಂಬ ಭಾವನೆ ಅಲ್ಲಿ ಉಳಿದೇ ಇದೆ. ಎಲ್ಲ ಸಂಕಟವೂ ಆ 'ಇನ್ನೂ' ಎಂಬ ಎರಡಕ್ಷರದಲ್ಲಿದೆ.

ನಮ್ಮ ಪ್ರಾಚೀನ ಶಾಸ್ತ್ರಕಾರರು ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮವಾಗಿದ್ದರೆನ್ನಬೇಕು. ವಿದ್ಯಾಭ್ಯಾಸ ಮುಗಿಸಿ ಗೃಹಸ್ಥನಾಗಲಿರುವವನನ್ನು ಉಪಕುರ್ವಾಣ ಬ್ರಹ್ಮಚಾರಿಯೆಂದೂ, ಬಾಳಿನುದ್ದಕ್ಕೂ ಹಾಗೆಯೇ ಇರಲು ನಿಶ್ಚಯಿಸಿದವನನ್ನು ನೈಷ್ಠಿಕ ಬ್ರಹ್ಮಚಾರಿಯೆಂದೂ ಅವರು ಬೇರೆಯಾಗಿ ಹೆಸರಿಸಿದರು. ಮೊದಲನೆಯವನು ಕಾಯುತ್ತಿರುವವನು, ಎರಡನೆಯವನು ಕಾಯುತ್ತಿಲ್ಲ, ಬದುಕುತ್ತಿದ್ದಾನೆ. ಆ ವ್ಯವಸ್ಥೆ ಹೆಂಗಸರಿಗೆ ಇಂಥ ಆಯ್ಕೆಯನ್ನು ಸಾಮಾನ್ಯವಾಗಿ ಕೊಡಲಿಲ್ಲವೆಂಬುದೂ, ಅದರ ಹಿಂದಿದ್ದ ಉದ್ದೇಶ ಆಧ್ಯಾತ್ಮಿಕವೆಂಬುದೂ ನಿಜ. ಅದನ್ನು ಇಂದಿಗೆ ಹಾಗೆಯೇ ತರಬೇಕಿಲ್ಲ. ಆದರೆ ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಎರಡು ಬಾಳುಗಳಿಗೆ ಎರಡು ಹೆಸರು ಬೇಕೆಂಬ ವಿವೇಕ ಅವರಲ್ಲಿತ್ತು. ನಾವೋ 'ಒಂಟಿ' ಎಂಬ ಒಂದೇ ಮಾತಿನಿಂದ ಒಬ್ಬನೇ ಇರುವವನನ್ನೂ ಯಾರೂ ಇಲ್ಲದವನನ್ನೂ ಕರೆದು ಕೈತೊಳೆದುಕೊಳ್ಳುತ್ತೇವೆ.

ನಲವತ್ತು ದಾಟಿದ ಅವಿವಾಹಿತನಾದ ನನಗೆ ಈ ಗೊಂದಲದ ಪರಿಚಯ ಪುಸ್ತಕದಿಂದ ಆದುದಲ್ಲ. ಸಹೋದ್ಯೋಗಿಗಳ ಮಕ್ಕಳ ಮದುವೆಗೆ ಹೋದರೆ, ಎಲೆಯ ಮುಂದೆ ಕುಳಿತವರು ಯಾರಾದರೂ, "ಮೇಷ್ಟ್ರೇ, ನೀವು ಊಟ ಹಾಕಿಸುವುದು ಯಾವಾಗ?" ಎಂದು ಕೇಳಿಯೇ ಕೇಳುತ್ತಾರೆ. ಪ್ರೀತಿಯ ಮಾತು, ಅದಕ್ಕೆ ನಾನು ನಗುವುದೂ ಉಂಟು. ಆದರೆ ಪರೀಕ್ಷೆಯ ಮೇಲ್ವಿಚಾರಣೆಗೋ ರಜಾ ದಿನದ ಕೆಲಸಕ್ಕೋ ಯಾರನ್ನು ಹಾಕೋಣವೆಂದಾಗ, "ಅವರಿಗೇನು, ಮನೆಯಲ್ಲಿ ಕಾಯುವವರಿಲ್ಲ" ಎಂದು ಮೊದಲು ನನ್ನ ಹೆಸರು ಬರುತ್ತದೆ. ನನ್ನ ಮನೆಯಲ್ಲಿ ವೃದ್ಧ ತಾಯಿ ಇದ್ದಾರೆಂಬುದು ಆಗ ಯಾರಿಗೂ ನೆನಪಾಗುವುದಿಲ್ಲ. ಇದೇ ಸ್ಥಿತಿಯಲ್ಲಿರುವ ಹೆಂಗಸರು ಕೇಳಬೇಕಾದ ಮಾತುಗಳ ಮುಂದೆ ನನ್ನದು ಬಹು ಹಗುರವಾದ ಹೊರೆ.

ಅಮೆರಿಕದಲ್ಲಿ ಈ ಮರೆವು ಶಾಸನದೊಳಗೂ ಸೇರಿದೆ. ಆಪ್ತರ ಕಾಯಿಲೆಗೆ ರಜೆ ಕೊಡುವ 1993ರ ಕಾಯಿದೆ ಸಂಗಾತಿ, ಮಕ್ಕಳು, ತಂದೆತಾಯಿಗಳನ್ನು ಹೆಸರಿಸುತ್ತದೆ. ಸಾಮಾನ್ಯವಾಗಿ ಒಡಹುಟ್ಟಿದವರಿಗೂ ಸ್ನೇಹಿತರಿಗೂ ಅದು ಅನ್ವಯಿಸದು. ಅವಿವಾಹಿತೆಯೊಬ್ಬಳು ಕಾಯಿಲೆ ಬಿದ್ದರೆ ಅವಳ ತಂಗಿಗೆ ಆ ಕಾಯಿದೆಯ ರಜೆಯಿಲ್ಲ. ಇಂಥ ತಾರತಮ್ಯಗಳನ್ನು ಬೆಲ್ಲಾ ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞೆ 2006ರ ತಮ್ಮ ಪುಸ್ತಕದಲ್ಲಿ ಎತ್ತಿ ತೋರಿಸಿದರು.

ಇಷ್ಟರಿಂದ ಅವಿವಾಹಿತರೆಲ್ಲರೂ ತಾವಾಗಿಯೇ ಈ ಬಾಳನ್ನು ಆರಿಸಿಕೊಂಡವರೆಂದು ಭಾವಿಸಬಾರದು. ಪ್ಯೂ ಕೇಂದ್ರದ ಅದೇ ಲೆಕ್ಕದಂತೆ, 2021ರಲ್ಲಿ ನಲವತ್ತು ತುಂಬಿದವರ ಪೈಕಿ ಪದವೀಧರರಲ್ಲಿ ಶೇಕಡಾ 18 ಮಂದಿ ಮದುವೆಯಾಗಿರಲಿಲ್ಲ. ಪ್ರೌಢಶಾಲೆಯನ್ನು ದಾಟದವರಲ್ಲಿ ಆ ಪ್ರಮಾಣ ಶೇಕಡಾ 33. ನಿಶ್ಚಿತ ವರಮಾನವಿಲ್ಲದೆ ಮನೆ ಹೂಡುವ ಧೈರ್ಯ ಬಾರದವರು ಇವರಲ್ಲಿ ಎಷ್ಟೋ ಮಂದಿ ಇರಬೇಕು. ಅವರನ್ನು ಸ್ವಾತಂತ್ರ್ಯದ ವೀರರೆಂದು ಹೊಗಳುವುದು ಕ್ರೌರ್ಯವೇ ಸರಿ. ಮತ್ತೊಂದೆಡೆ, ಅದೇ ಕೇಂದ್ರ 2019ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸಂಗಾತಿಯಿಲ್ಲದ ವಯಸ್ಕರ ಪೈಕಿ ಅರ್ಧದಷ್ಟು ಜನ ತಾವು ಯಾರನ್ನೂ ಹುಡುಕುತ್ತಿಲ್ಲವೆಂದರು. ಇವರನ್ನು ಪಾಪವೆಂದು ಕನಿಕರಿಸುವುದು ಅವಿವೇಕ. ಬಯಸಿಯೂ ಮನೆ ಹೂಡಲಾರದವನಿಗೆ ಬೇಕಾದದ್ದು ಕೆಲಸ, ವಸತಿ, ನೆರವು. ಬಯಸದವನಿಗೆ ಬೇಕಾದದ್ದು ಅವನ ಪಾಡಿಗೆ ಅವನನ್ನು ಪೂರ್ಣ ಮನುಷ್ಯನೆಂದು ಕಾಣುವ ಮನಸ್ಸು. ಒಂದೇ ಅಂಕಿಯೊಳಗೆ ಇಬ್ಬರನ್ನೂ ಕಟ್ಟಿಹಾಕಿದರೆ ಇಬ್ಬರಿಗೂ ನ್ಯಾಯ ಸಿಗದು.

ಹೀಗೆ ನೋಡಿದಾಗ ಏಕಾಕಿತನವೂ ಏಕಪತ್ನೀವ್ರತವೂ ಪರಸ್ಪರ ವಿರೋಧಿಗಳೆಂಬ ಮಾತು ನಿಲ್ಲುವುದಿಲ್ಲ. ನಿಶ್ಚಯದಿಂದ ಒಬ್ಬನೇ ಉಳಿದವನೂ, ನಿಶ್ಚಯದಿಂದ ಒಬ್ಬಳಿಗೇ ಬದ್ಧನಾದವನೂ ಆಯ್ಕೆಯ ಸಂತೆಯಿಂದ ಎದ್ದುಬಂದವರೇ. ಒಬ್ಬನನ್ನು ಎತ್ತಿಹಿಡಿಯಲು ಇನ್ನೊಬ್ಬನನ್ನು ತುಳಿಯಬೇಕಾಗಿಲ್ಲ. ಮಾಂಟಾನ ಎದ್ದಲ್ಲದೆ ಯಂಗ್ ಕೂರುವಂತಿರಲಿಲ್ಲ. ಏಕೆಂದರೆ ಅಲ್ಲಿದ್ದುದು ಒಂದೇ ಪೀಠ. ಬಾಳಿನಲ್ಲಿ ಹಾಗಲ್ಲ, ನೆರೆಮನೆಯ ದಾಂಪತ್ಯ ಸುಖವಾಗಿರುವುದಕ್ಕೆ ನಾನು ಮದುವೆಯಾಗಬೇಕಿಲ್ಲ, ನನ್ನ ಬಾಳು ಪೂರ್ಣವಾಗುವುದಕ್ಕೆ ಅವರು ಬೇರ್ಪಡಬೇಕಿಲ್ಲ.

ಸೂತ್ರಧಾರರ ಸ್ಪರ್ಧೆ ಪ್ರತಿ ಋತುವಿನಲ್ಲಿಯೂ ನಡೆಯಲಿ. ಅದು ಆಟದ ಸೊಗಸು. ಆದರೆ ನಮ್ಮ ಮಕ್ಕಳಿಗೆ, ವಿದ್ಯಾರ್ಥಿಗಳಿಗೆ, ಮದುವೆಯೆಂದರೆ ಗೆಲ್ಲುವುದೆಂದೂ ಮದುವೆಯಾಗದಿರುವುದೆಂದರೆ ಬೆಂಚಿನ ಮೇಲೆ ಉಳಿಯುವುದೆಂದೂ ಕಲಿಸದಿರೋಣ. ಹಾಗೆ ಕಲಿತವನು ಮದುವೆಯಾದರೆ ಸ್ಥಾನ ಹೋದೀತೆಂಬ ಭಯದಲ್ಲಿ, ಆಗದಿದ್ದರೆ ಸ್ಥಾನ ಸಿಗಲಿಲ್ಲವೆಂಬ ಕೊರಗಿನಲ್ಲಿ ಬಾಳುತ್ತಾನೆ. ಅವನಿಗೆ ಎರಡು ದಾರಿಯಲ್ಲಿಯೂ ನೆಮ್ಮದಿಯಿಲ್ಲ.